ಕೇಳಿ ಹಾಕುವ ತೇಪೆ

ಮಾವಿನ ಕಾಲ ಶುರುವಾಗುವುದರೊಳಗೆ ಕಂಪ್ಯೂಟರುಗಳ ತೇಪೆ ಕೆಲಸಕ್ಕೊಂದು ದಾರಿ ಮಾಡು ಎಂದು ದೋನ್ ಫ್ರಾದಿಕೆ ನನಗೆ ಹೇಳಿದಾಗ, ಅವರ ಕಿಟಕಿಯ ಹೊರಗಿನ ಮರದಲ್ಲಿ ಕಾಯಿ ಆಗಲೇ ಹಳದಿಗೆ ತಿರುಗುತ್ತಿತ್ತು. ಬಾಯಾರಿದಾಗ ಬಾವಿ ತೋಡುವುದು ನಮ್ಮ ವ್ಯವಸ್ಥಾಪಕರ ಹುಟ್ಟುಗುಣ. ನಾನು ಹಲ್ಲು ಕಚ್ಚಿಕೊಂಡು ಆಗಲಿ ಎಂದೆ. ನಮ್ಮ ಡೊಮಿನಿಕನ್ ನಾಡಿನ ಬನೀ ಊರಿನ ಮಾವು ರಫ್ತು ಸಂಘದಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ದೆಯಾನಿರಾ, ಅಂದರೆ ನಾನು. ನಾನು ಇಲ್ಲದಾಗ ವಿಭಾಗವೂ ಇಲ್ಲ.

ತೇಪೆ ಎಂದರೆ ನಿಜಕ್ಕೂ ತೇಪೆಯೇ. ತಂತ್ರಾಂಶ ಮಾಡಿದವರು ಅದರಲ್ಲಿ ಎಲ್ಲೋ ತೂತು ಬಿಟ್ಟಿರುತ್ತಾರೆ. ಕಳ್ಳನೊಬ್ಬ ಅದನ್ನು ಕಂಡುಹಿಡಿಯುತ್ತಾನೆ. ಮಾಡಿದವರು ಗಾಬರಿಬಿದ್ದು ಒಂದು ತುಂಡು ಹೊಲಿದು ಕಳಿಸುತ್ತಾರೆ. ಅದನ್ನು ಒಂದೊಂದು ಯಂತ್ರಕ್ಕೂ ಹಚ್ಚಿ, ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕು. ಇಷ್ಟು ವರ್ಷ ನಾನು ಸಂಘದ ಹಳೆಯ ಜೀಪಿನಲ್ಲಿ ಪಾಯಾ, ಮತಾನ್ಸಾಸ್, ಸಬಾನಾ ಬುಎಯ್ ಎಂದು ಹಣ್ಣು ತೂಗಿ ತುಂಬುವ ಶೆಡ್ಡುಗಳಿಗೆಲ್ಲ ಅಲೆದು ಈ ಕೆಲಸ ಮಾಡುತ್ತಿದ್ದೆ. ಕೊನೆಯ ಶೆಡ್ಡಿಗೆ ತೇಪೆ ಹಚ್ಚುವಷ್ಟರಲ್ಲಿ ಮೊದಲನೆಯದರಲ್ಲಿ ಹೊಸ ತೂತು ಬಿದ್ದಿರುತ್ತಿತ್ತು. ಈಗ ಇದನ್ನೆಲ್ಲ ಮೋಡದ ಮೇಲಿಂದಲೇ ಮಾಡುವ ತಂತ್ರಾಂಶಗಳು ಬಂದಿವೆ. ಮೋಡವೆಂದರೆ ಬನೀಯ ಮೇಲೆ ಸುಮ್ಮನೆ ಹಾದುಹೋಗುವ ಮೋಡವಲ್ಲ, ಯಾವುದೋ ದೇಶದ ತಣ್ಣನೆಯ ಕಟ್ಟಡದಲ್ಲಿರುವ ಬೇರೆಯವರ ಯಂತ್ರ. ನಾನು ನನ್ನ ಮೇಜಿನಲ್ಲಿ ಕಾಫಿ ಕುಡಿಯುತ್ತ ಕೂತರೆ ಅದು ಎಲ್ಲ ಶೆಡ್ಡುಗಳ ಯಂತ್ರಗಳನ್ನೂ ನೋಡಿಕೊಳ್ಳುತ್ತದೆ. ಮಾರುವವರು ಹೇಳುವುದಂತೂ ಹಾಗೆ.

ಎರಡನ್ನು ಆರಿಸಿಕೊಂಡೆ. ಅರ್ಧ ಯಂತ್ರಗಳನ್ನು ಒಂದರ ಕೈಗೆ, ಅರ್ಧವನ್ನು ಇನ್ನೊಂದರ ಕೈಗೆ ಒಪ್ಪಿಸಿದೆ. ಕೆಲವು ವಾರ ಓಡಿಸಿ ನೋಡಿ, ಯಾವುದು ಮೇಲು ಎಂದು ಆಡಳಿತ ಮಂಡಳಿಗೆ ವರದಿ ಕೊಡಬೇಕಾಗಿತ್ತು. ಅವುಗಳ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ನಾನೇ ಅಡ್ಡಹೆಸರಿಟ್ಟೆ.

ಒಂದು ಹವಾಲ್ದಾರ. ಉತ್ತರದ ಶ್ರೀಮಂತ ದೇಶದ್ದು. ಯಾರನ್ನೂ ಏನನ್ನೂ ಕೇಳುವುದಿಲ್ಲ. ಗೊತ್ತುಮಾಡಿದ ಹೊತ್ತಿಗೆ ಬರುತ್ತದೆ, ತೇಪೆ ಹಚ್ಚುತ್ತದೆ, ಯಂತ್ರವನ್ನು ಆರಿಸಿ ಹೊತ್ತಿಸುತ್ತದೆ, ಹೋಗುತ್ತದೆ. ಕೇಳಲು ಚೆನ್ನ. ಆದರೆ ನಮ್ಮಲ್ಲಿ ಕರೆಂಟು ಹೋಗಿ ಬರುವಾಗ ಯಂತ್ರ ಸುಟ್ಟುಹೋಗುವ ಭಯಕ್ಕೆ ಎಲ್ಲರೂ ಮನೆಗೆ ಹೊರಡುವಾಗ ಪ್ಲಗ್ಗನ್ನೇ ಕಿತ್ತಿಟ್ಟು ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಬರಲಿ ಎಂದು ಹವಾಲ್ದಾರನಿಗೆ ಹೇಳಿದರೆ ಅವನಿಗೆ ಸಿಗುವುದು ಹೆಣವಾಗಿ ಮಲಗಿದ ಯಂತ್ರಗಳು. ಬೆಳಿಗ್ಗೆ ಪ್ಲಗ್ಗು ಹಾಕಿದ ಕೂಡಲೇ, ಎಲ್ಲಿಗೆ ಹೋಗಿದ್ದೆ ಎಂದು ಮೈಮೇಲೆ ಬೀಳುತ್ತಾನೆ. ಲಾರಿಗಳು ಬಾಗಿಲಲ್ಲಿ ನಿಂತಿರುವ ಹೊತ್ತಿಗೆ ತೂಕದ ಯಂತ್ರ ಕಣ್ಣುಮುಚ್ಚಿರುತ್ತದೆ.

ಇನ್ನೊಂದು ನೆರೆಮನೆಯಾಕೆ. ಮೆಕ್ಸಿಕೋದ್ದು. ಕರೆಂಟು ಹೋದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಒಂದು ಶೆಡ್ಡಿನಲ್ಲಿ ಒಂದು ಯಂತ್ರಕ್ಕೆ ಇಳಿಸಿಕೊಂಡ ತೇಪೆಯನ್ನು ಅಲ್ಲಿನ ಉಳಿದವಕ್ಕೂ ಹಂಚುತ್ತದೆ, ಇಂಟರ್‌ನೆಟ್ ನೂಲಿನಂತೆ ಹರಿಯುವ ನಮ್ಮ ಶೆಡ್ಡುಗಳಿಗೆ ಇದು ದೊಡ್ಡ ಉಪಕಾರ. ಎಲ್ಲಕ್ಕಿಂತ ಹೆಚ್ಚಾಗಿ, ಕೇಳುತ್ತದೆ. ಪರದೆಯ ಮೂಲೆಯಲ್ಲಿ ಚಿಕ್ಕ ಕಿಟಕಿ ತೆರೆದು, ತೇಪೆ ಬಂದಿದೆ, ಯಂತ್ರವನ್ನು ಯಾವಾಗ ಮತ್ತೆ ಶುರು ಮಾಡೋಣ ಎನ್ನುತ್ತದೆ. ಕೆಳಗೆ ಸ್ಪ್ಯಾನಿಷ್‌ನಲ್ಲಿ ಎರಡು ಗುಂಡಿ, ಒಂದರ ಮೇಲೆ 'ಆವೊರಿತಾ', ಇನ್ನೊಂದರ ಮೇಲೆ 'ದೆಸ್ಪುಯೆಸ್'. ಈಗ, ಆಮೇಲೆ, ಅಷ್ಟೇ ತಾನೇ ಎಂದುಕೊಂಡೆ ನಾನು. ಯಾರು ಯಾವ ಹೊತ್ತಿಗೆ ಯಾವ ಗುಂಡಿ ಒತ್ತಿದರು ಎಂಬುದೂ ದಾಖಲಾಗುತ್ತಿತ್ತು, ಅದನ್ನು ಯಾರೂ ತಿದ್ದಲಾರರು. ಇದು ಅದರ ದೊಡ್ಡ ಹೆಗ್ಗಳಿಕೆ ಎಂದು ವರದಿಯ ಕರಡಿನಲ್ಲಿ ನಾನೇ ಬರೆದಿದ್ದೆ.

ಅಷ್ಟರಲ್ಲಿ ಸೋಬೇಯ್ದಾಳ ಪ್ರಕರಣವಾಯಿತು.

ಸೋಬೇಯ್ದಾ ನಮ್ಮ ರಫ್ತು ಕಾಗದಗಳ ಯಜಮಾನಿ. ಹಡಗಿಗೆ ಹೋಗುವ ಪ್ರತಿ ಪೆಟ್ಟಿಗೆಯ ಹಣ್ಣಿಗೂ ಕೀಟವಿಲ್ಲ, ರೋಗವಿಲ್ಲ, ಇಂಥ ತೋಟದ್ದು ಎಂದು ಬಂದರಿನ ಜಾಲತಾಣದಲ್ಲಿ ತುಂಬುವುದು ಅವಳ ಕೆಲಸ. ಒರಟು ಹೆಂಗಸು. ಶುಭೋದಯ ಎಂದರೂ ಅದರಲ್ಲೇನು ಶುಭ ಎಂದು ತಿರುಗಿ ಕೇಳುವ ಬಾಯಿ. ನಾವಿಬ್ಬರೂ ಒಂದೇ ಬೀದಿಯವರು, ಚಿಕ್ಕವರಿದ್ದಾಗ ಒಂದೇ ಮರಕ್ಕೆ ಕಲ್ಲು ಹೊಡೆದವರು. ಅವಳು ಜಗಳ ಆಡಿದ್ದು ನೋಡಿದ್ದೇನೆ, ಸುಳ್ಳು ಹೇಳಿದ್ದು ನೋಡಿಲ್ಲ.

ಆ ದಿನ ಮಾವಿನ ಕಾಲದ ಮೊದಲ ಹಡಗು ರೋಟರ್‌ಡ್ಯಾಮಿಗೆ ಹೊರಡುವುದಿತ್ತು. ಕಾಗದಗಳು ಮಧ್ಯಾಹ್ನದೊಳಗೆ ಬಂದರಿಗೆ ಸೇರಬೇಕು, ಆಮೇಲೆ ಜಾಲತಾಣ ಬಾಗಿಲು ಹಾಕಿಕೊಳ್ಳುತ್ತದೆ. ಸೋಬೇಯ್ದಾ ಅರ್ಧ ತುಂಬಿದ್ದಳು. ಅಷ್ಟರಲ್ಲಿ, ನೆರೆಮನೆಯಾಕೆಯ ಪಾಲಿಗೆ ಬಿದ್ದಿದ್ದ ಅವಳ ಯಂತ್ರ ಕಪ್ಪಗಾಗಿ, ದಯವಿಟ್ಟು ಕಾಯಿರಿ ಎಂದು ಚಕ್ರ ತಿರುಗಿಸುತ್ತ ಕೂತಿತು. ದೊಡ್ಡ ತೇಪೆ, ಹಳೆಯ ಯಂತ್ರ. ಅವಳು ನನಗೆ ಫೋನು ಮಾಡಿದಾಗ ನಾನು ಮತಾನ್ಸಾಸಿನ ಶೆಡ್ಡಿನಲ್ಲಿ ಹವಾಲ್ದಾರನ ಉಪಟಳ ಬಿಡಿಸುತ್ತಿದ್ದೆ. ಯಂತ್ರ ಎಚ್ಚರವಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಹಡಗು ಹೋಯಿತು, ನಮ್ಮ ಹಣ್ಣು ದಡದಲ್ಲಿ ಉಳಿಯಿತು. ಯುರೋಪಿಗೆ ಹೋಗಬೇಕಾದ ಮಾವು ಬನೀಯ ಬೀದಿಗಳಲ್ಲಿ ಕೈಗಾಡಿಗಳ ಮೇಲೆ ಬಂತು. ಇಡೀ ಊರು ಅಗ್ಗದ ಹಣ್ಣು ತಿಂದು ನಮ್ಮನ್ನು ನೋಡಿ ನಕ್ಕಿತು.

ದೋನ್ ಫ್ರಾದಿಕೆ ನನ್ನನ್ನು ಕರೆದರು. "ಇಂಜಿನಿಯರಮ್ಮ, ಒಂದೇ ಮಾತಲ್ಲಿ ಹೇಳು. ಯಂತ್ರ ಮಾಡಿದ್ದೋ, ಮನುಷ್ಯರು ಮಾಡಿದ್ದೋ?"

ನಾನು ದಾಖಲೆ ತೆಗೆದೆ. ಸೋಬೇಯ್ದಾಳ ಹೆಸರಿನ ಮುಂದೆ ಸ್ಪಷ್ಟವಾಗಿತ್ತು: ಬಳಕೆದಾರರು ತಕ್ಷಣದ ಮರುಆರಂಭಕ್ಕೆ ಒಪ್ಪಿದ್ದಾರೆ. ಓದಿ ಹೇಳಿದೆ. ಅವರು ಅದನ್ನು ಅಚ್ಚು ಹಾಕಿಸಿಕೊಂಡರು.

ಸೋಬೇಯ್ದಾಳನ್ನು ಕರೆಸಿ, ನಾಳೆಯಿಂದ ಬರಬೇಡ, ಕಾಗದ ಮನೆಗೆ ಬರುತ್ತದೆ ಎಂದರಂತೆ. ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಾನು ಆಮೇಲೆ ಅಂತ ಒತ್ತಿದ್ದು."

"ಸೋಬೇ, ದಾಖಲೆ ಬೇರೆ ಹೇಳ್ತಿದೆಯಲ್ಲೇ."

"ದಾಖಲೆ ಅಲ್ಲಿ ಕೂತಿತ್ತೇನೇ? ನಾನು ಕೂತಿದ್ದೆ. ಆಮೇಲೆ ಅಂತ್ಲೇ ಒತ್ತಿದ್ದು."

"ಗಡಿಬಿಡೀಲಿ ಕೈ ತಪ್ಪಿರ್ಬಹುದು. ಯಾರಿಗಾದ್ರೂ ಆಗುತ್ತೆ."

"ಕೈ ತಪ್ಪಿಲ್ಲ. ಸುಳ್ಳಿ ಅಂತ ಹೇಳು, ಪರ್ವಾಗಿಲ್ಲ. ಕುರುಡಿ ಅಂತ ಹೇಳ್ಬೇಡ." ಚೀಲ ಹೆಗಲಿಗೇರಿಸಿ ಹೊರಟುಹೋದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ. ಎದುರಿಗೆ ದಾಖಲೆ ಇಟ್ಟರೂ ಒಪ್ಪದ ಹಟಮಾರಿ ಎಂದು ಅವಳ ಮೇಲೆಯೇ ಇರಬೇಕು ಎಂದುಕೊಂಡೆ. ಆ ವಾರವೆಲ್ಲ ವರದಿಯನ್ನು ತೆರೆದು ನೆರೆಮನೆಯಾಕೆಯ ಹೆಗ್ಗಳಿಕೆಗಳನ್ನು ಓದುವಾಗಲೆಲ್ಲ ದಾಖಲೆಯನ್ನು ಯಾರೂ ತಿದ್ದಲಾರರು ಎಂಬ ಆ ಒಂದು ಸಾಲಿನ ಮೇಲೆ ಕಣ್ಣು ಮುಗ್ಗರಿಸುತ್ತಿತ್ತು. ಮಾತು ಬದಲಿಸುವ ಹೆಂಗಸಾಗಿದ್ದರೆ ಇಷ್ಟು ಹೊತ್ತಿಗೆ, ಹೌದು ಕೈ ತಪ್ಪಿತು, ಕ್ಷಮಿಸಿ ಎಂದು ದೋನ್ ಫ್ರಾದಿಕೆಯ ಮುಂದೆ ಅತ್ತು ಕೆಲಸ ಉಳಿಸಿಕೊಳ್ಳುತ್ತಿದ್ದಳು. ಅವರು ಅಳುವಿಗೆ ಕರಗುವ ಗಂಡಸು, ಊರಿಗೆಲ್ಲ ಗೊತ್ತು.

ಕೊನೆಗೆ ನಾನೇ ಅವಳ ಪರವಾಗಿ ಬೇಡಿಕೊಳ್ಳೋಣ ಎಂದು ಅವರ ಕೋಣೆಗೆ ಹೋದೆ. ಅವರು ಫೋನಿನಲ್ಲಿ ಯಾರಿಗೋ ಬೇಸ್‌ಬಾಲ್ ಆಟದ ಕಥೆ ಹೇಳುತ್ತಿದ್ದರು. ಕಾರ್ಯದರ್ಶಿ ನಿಂಫಾ ನನಗಿಂತ ಮುಂಚೆ ಒಳಗೆ ಬಂದು ಒಂದು ಕಾಗದವನ್ನು ಅವರ ಮುಂದೆ ಚಾಚಿ ನಿಂತಿದ್ದಳು. ಸೋಬೇಯ್ದಾಳನ್ನು ಕೆಲಸದಿಂದ ತೆಗೆಯುವ ಕಾಗದ.

"ದೋನ್, ಇದಕ್ಕೊಂದು ಸಹಿ."

"ಆವೊರಿತಾ, ಮಗಳೇ, ಆವೊರಿತಾ," ಎಂದು ಅವರು ಫೋನಿನಿಂದ ಬಾಯಿ ತೆಗೆಯದೆಯೇ ಕೈ ಬೀಸಿದರು.

ನಿಂಫಾ ಕಾಗದವನ್ನು ಮತ್ತೆ ಕಡತದೊಳಗೆ ತುರುಕಿಕೊಂಡು ಹೊರಬಂದಳು. ನಾನು ಅವಳ ಹಿಂದೆಯೇ ಬಂದೆ.

"ಸಹಿ ಹಾಕ್ತೀನಿ ಅಂದ್ರಲ್ಲ. ಯಾಕೆ ವಾಪಸ್ ತಂದೆ?"

ನಿಂಫಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆವೊರಿತಾ ಅಂದ್ರಲ್ಲಮ್ಮ. ಅಂದ್ರೆ ಊಟ ಆದ್ಮೇಲೆ. ಇಲ್ಲ, ನಿದ್ದೆ ಆದ್ಮೇಲೆ. ಇದೇನು ನೀವು, ಈಗ ತಾನೇ ಮೆಕ್ಸಿಕೋದಿಂದ ಇಳಿದೋರ ಥರ ಕೇಳ್ತೀರಲ್ಲ!"

ನಾನು ಕಾರಿಡಾರಿನಲ್ಲೇ ನಿಂತುಬಿಟ್ಟೆ.

ನಾನು ಮೆಕ್ಸಿಕೋದಿಂದ ಇಳಿದವಳೇ. ಪುಎಬ್ಲಾ ನಗರದಲ್ಲಿ ಓದಿ, ಅಲ್ಲೇ ಮದುವೆಯಾಗಿ, ಮದುವೆ ಮುರಿದ ಮೇಲೆ ವಾಪಸಾದವಳು. ಗಂಡನನ್ನು ಅಲ್ಲೇ ಬಿಟ್ಟು ಬಂದೆ, ಕಿವಿಯನ್ನೂ ಅಲ್ಲೇ ಬಿಟ್ಟಿದ್ದೆ ಎಂದು ಗೊತ್ತಿರಲಿಲ್ಲ. ಆವೊರಾ ಎಂದರೆ ಈಗ. ಅದಕ್ಕೊಂದು ಮುದ್ದಿನ ಬಾಲ ಸೇರಿಸಿದರೆ ಆವೊರಿತಾ. ಆ ಬಾಲ ಮೆಕ್ಸಿಕೋದಲ್ಲಿ ಹೊತ್ತನ್ನು ಹತ್ತಿರಕ್ಕೆ ಎಳೆಯುತ್ತದೆ: ಇಗೋ, ಈಗಲೇ. ನಮ್ಮ ಡೊಮಿನಿಕನ್ ನೆಲದಲ್ಲಿ ಅದೇ ಬಾಲ ಹೊತ್ತನ್ನು ದೂರ ತಳ್ಳುತ್ತದೆ: ಈಗಲ್ಲ, ಇನ್ನೊಂದಿಷ್ಟು ಹೊತ್ತಾಗಲಿ. ಅಕ್ಷರ ಒಂದೇ, ಉಚ್ಚಾರ ಒಂದೇ, ಅರ್ಥ ಎತ್ತು ಏರಿಗೆ, ಕೋಣ ನೀರಿಗೆ. ಆ ಗುಂಡಿಯನ್ನು ಎಲ್ಲರ ಯಂತ್ರಕ್ಕೆ ಬಿಡುವ ಮುಂಚೆ ಒತ್ತಿ ನೋಡಿ, ಸರಿಯಿದೆ ಎಂದವಳು ನಾನು.

ಸೋಬೇಯ್ದಾಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಬಾಳೆಕಾಯಿ ಸಿಪ್ಪೆ ತೆಗೆಯುತ್ತ ಕೂತಿದ್ದಳು, ಬೇಯಿಸಿ ಹಿಸುಕಿ ಮಾಡುವ ಮಂಗೂಗೆ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಗುಂಡಿ ಮೇಲಿದ್ದ ಪದ ಯಾವ್ದು, ಹೇಳು," ಎಂದೆ.

"ಎಷ್ಟ್ ಸಲ ಹೇಳೋದು? ಆಮೇಲೆ ಅನ್ನೋದು."

"ಪದ ಹೇಳೇ ಮಾರಾಯ್ತಿ. ಅಕ್ಷರ."

"ಆವೊರಿತಾ." ಚಾಕು ನಿಲ್ಲಿಸಿ ನನ್ನ ಮುಖ ನೋಡಿದಳು. "ಇನ್ನೊಂದು ದೆಸ್ಪುಯೆಸ್ ಅಂತಿತ್ತು. ಅದನ್ನ ಒತ್ತಿದ್ರೆ ಇನ್ಯಾವತ್ತೋ ಅಂದ ಹಾಗಾಗುತ್ತೆ. ನೀನೇ ತೇಪೆ ಮುಂದೂಡ್ಬೇಡಿ ಅಂತ ಎಲ್ಲರ ತಲೆ ತಿಂದಿದ್ಯಲ್ಲ. ಅದಕ್ಕೇ ಕಾಗದ ಕಳ್ಸಿ ಮುಗಿಸಿದ ಮೇಲೆ ಇವತ್ತೇ ಮಾಡ್ಬಿಡೋಣ ಅಂತ ಆವೊರಿತಾ ಒತ್ತಿದೆ. ಯಾಕೆ? ಅದೂ ತಪ್ಪಾ?"

ಇನ್ನೆಂದಾದರೂ ನೋಡೋಣ ಎಂದು ತಳ್ಳಿಹಾಕಿದ ಸೋಮಾರಿಗಳೆಲ್ಲ ಪಾರಾಗಿದ್ದರು. ನನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಇವತ್ತೇ ಮಾಡುತ್ತೇನೆ ಎಂದವಳಿಗೆ ಏಟು ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಯಂತ್ರ ತಾನಾಗೇ ಆರಿ ಹೊತ್ತಿತು ಎಂದು ಹಿಂದೆಯೂ ಇಬ್ಬರು ಮೂವರು ಫೋನು ಮಾಡಿದ್ದರು. ನೀವೇ ಒತ್ತಿ ನೀವೇ ದೂರ್ತೀರಾ ಎಂದು ಅವರನ್ನು ಗದರಿಸಿದ್ದೆ.

"ನಾಳೆ ಕಚೇರಿಗೆ ಬಾ," ಎಂದೆ.

"ಯಾಕೆ ಬರ್ಲಿ? ಕ್ಷಮೆ ಕೇಳಕ್ಕಾ?"

"ಅಲ್ಲ. ನೀನು ಸುಳ್ಳು ಹೇಳ್ಲಿಲ್ಲ ಅಂತ ನಾನು ಎಲ್ಲರ ಮುಂದೆ ಹೇಳೋದನ್ನ ಕೇಳಕ್ಕೆ."

ಅವಳು ಬಾಳೆಕಾಯಿಯನ್ನು ನೀರಿಗೆ ಹಾಕಿದಳು. "ಕಾಫಿ ಕುಡೀತೀಯಾ?" ಎಂದಳು.

ಮರುದಿನ ದೋನ್ ಫ್ರಾದಿಕೆಯ ಕೋಣೆಯಲ್ಲಿ ಪರದೆಯ ಮೇಲೆ ಮೆಕ್ಸಿಕೋದ ಮಾರಾಟಗಾರನನ್ನು ಕರೆಸಿದೆ. ಅವನ ಹೆಸರು ಕುಔತೆಮೊಕ್. ನಮ್ಮವರ ಬಾಯಲ್ಲಿ ಅದು ತುಂಡಾಗಿ ತೆಮೊ ಆಗಿತ್ತು. ಸಭ್ಯ ಮನುಷ್ಯ, ನಕ್ಕರೆ ಮೀಸೆ ಪೂರ್ತಿ ನಗುತ್ತದೆ. ನಾನು ಸುತ್ತು ಬಳಸದೆ ಕೇಳಿದೆ.

"ತೆಮೊ, ಆವೊರಿತಾ ಅಂದ್ರೆ ಯಾವಾಗ?"

"ಈಗ್ಲೇ ಅಲ್ವಾ, ಇಂಜಿನಿಯರಮ್ಮ?" ಸ್ವಲ್ಪ ಯೋಚಿಸಿ ತಲೆ ಕೆರೆದುಕೊಂಡ. "ಅಂದ್ರೆ... ನಲ್ಲಿ ರಿಪೇರಿ ಮಾಡು ಅಂತ ನನ್ನ ಹೆಂಡ್ತಿ ಹೇಳ್ದಾಗ ನಾನು ಹೇಳೋ ಆವೊರಿತಾ ಬೇರೆ, ಬಿಡಿ. ಆದ್ರೆ ಗುಂಡಿ ಮೇಲಿರೋದು ಈಗ್ಲೇ ಅಂತ."

"ಹಾಗಾದ್ರೆ ನಿಮ್ಮೂರಲ್ಲಿ ಗಂಡಸರು ನಮ್ಮ ಭಾಷೆ ಆಡ್ತಾರೆ," ಎಂದು ಬಾಗಿಲ ಬಳಿಯಿಂದ ಸೋಬೇಯ್ದಾ ಹೇಳಿದಳು. "ಯಂತ್ರಕ್ಕೆ ಮಾತ್ರ ಬೇರೆ ಕಲ್ಸಿದ್ದೀರಿ."

ತೆಮೊ ನಕ್ಕ. ಆಮೇಲೆ ನಾನು ಹಡಗಿನ ಕಥೆ ಹೇಳಿದೆ. ಮೀಸೆಯ ನಗು ನಿಂತುಹೋಯಿತು. ಗುಂಡಿಯ ಮಾತನ್ನು ಬದಲಿಸಿಕೊಡುತ್ತೇವೆ, ಯಾವ ದೇಶದಲ್ಲಿ ಯಾರು ಏನು ತಿಳಿದುಕೊಳ್ಳುತ್ತಾರೆ ಎಂದು ನಾವು ವಿಚಾರಿಸಬೇಕಾಗಿತ್ತು ಎಂದು ಗಂಭೀರವಾಗಿ ಹೇಳಿ ಪರದೆಯಿಂದ ಇಳಿದ.

ದೋನ್ ಫ್ರಾದಿಕೆ ಮೂಗು ಉಜ್ಜಿಕೊಂಡರು. "ನಮ್ಮೂರಲ್ಲಿ ಆವೊರಿತಾ ಅಂದ್ರೆ ಈಗ್ಲೇ ಅಂತ ಯಾವ ಹುಚ್ಚ ತಿಳ್ಕೊಳ್ತಾನೆ?"

"ನಾನು ತಿಳ್ಕೊಂಡೆ," ಎಂದೆ. "ಒತ್ತಿ ನೋಡಿ ಒಪ್ಪಿಗೆ ಕೊಟ್ಟಿದ್ದು ನಾನೇ. ಇವಳು ಹೇಳಿದ್ದು ನಿಜ. ಆಮೇಲೆ ಅಂತ್ಲೇ ಒತ್ತಿದ್ದಾಳೆ. ತೆಗೆಯೋದಾದ್ರೆ ನನ್ನನ್ನ ತೆಗೀರಿ."

"ನಿನ್ನನ್ನ ತೆಗೆದ್ರೆ ಯಂತ್ರ ನೋಡ್ಕೊಳ್ಳೋರ್ಯಾರು?" ಅವರು ಸಹಿಯಾಗದ ಕಾಗದವನ್ನು ಮಡಚಿ ಮೇಜಿನ ಖಾನೆಯೊಳಗೆ ತಳ್ಳಿದರು. "ಸರಿ ಸರಿ. ಸೋಬೇಯ್ದಾ, ನಾಳೆಯಿಂದ ಬಾ. ಆಗಿದ್ದು ಆಯ್ತು. ಇನ್ನು ಈ ತಂಟೆಯೇ ಬೇಡ, ದೆಯಾನಿರಾ. ಆ ಇನ್ನೊಂದನ್ನೇ ತಗೊಂಡ್ಬಿಡು, ಹವಾಲ್ದಾರನ್ನ. ಕೇಳೋದೂ ಇಲ್ಲ, ಗೊಂದ್ಲಾನೂ ಇಲ್ಲ. ಹೊತ್ತಿಗೆ ಸರಿಯಾಗಿ ಆರಿಸಿ ಹೊತ್ತಿಸ್ಲಿ. ಹಾಗಂತ್ಲೇ ವರದಿ ಬರಿ."

ನಾನು ತಲೆಯಾಡಿಸಿದೆ. ಅಷ್ಟೆಲ್ಲ ಆದ ಮೇಲೆ ನೆರೆಮನೆಯಾಕೆಯ ಪರವಾಗಿ ವಾದಿಸುವ ಮುಖ ನನಗಿರಲಿಲ್ಲ.

"ಅದು ಬೇಡ," ಎಂದಳು ಸೋಬೇಯ್ದಾ. ಅವಳು ಅಲ್ಲಿಯವರೆಗೂ ಬಾಗಿಲ ಬಳಿ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ.

"ಯಾವ್ದು ಬೇಡ?"

"ಹವಾಲ್ದಾರ. ಕೇಳೋದನ್ನೇ ಇಟ್ಕೊಳ್ಳಿ."

ದೋನ್ ಫ್ರಾದಿಕೆಗೆ ರೇಗಿತು. "ತಾಯಿ, ಅದು ಕೇಳಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು? ನಿನ್ನ ಅನ್ನಕ್ಕೇ ಕಲ್ಲು ಬೀಳೋದ್ರಲ್ಲಿತ್ತು!"

"ಸೊಟ್ಟಗೆ ಕೇಳ್ತು, ನಿಜ. ಆದ್ರೂ ಕೇಳ್ತು." ಅವಳ ದನಿ ಎಂದಿನಂತೆ ಒರಟಾಗಿರಲಿಲ್ಲ, ಅದೇ ನನಗೆ ಕೇಳಲು ಕಷ್ಟವಾಯಿತು. "ನಾನು ಈ ಕಚೇರಿಗೆ ಬಂದಾಗ ಹೊರಗಿರೋ ಆ ಮರ ಗಿಡ ಆಗಿತ್ತು ದೋನ್. ಅವತ್ತಿಂದ ಇವತ್ತಿನ ತನ್ಕ, ಸೋಬೇಯ್ದಾ, ಕೈಲಿ ಕೆಲ್ಸ ಇದ್ಯಾ, ಈಗ ಮಾಡೋಣ್ವಾ ಆಮೇಲೆ ಮಾಡೋಣ್ವಾ ಅಂತ ನನ್ನನ್ನ ಕೇಳಿದ್ದು ಆ ಗುಂಡಿ ಒಂದೇ. ಹಣ್ಣು ದಡದಲ್ಲಿ ಉಳೀತಲ್ಲ, ಅವತ್ತು ಏನಾಯ್ತೇ ಅಂತ ನೀವು ಒಂದ್ ಮಾತು ಕೇಳಿದ್ರಾ? ಯಂತ್ರದ ಕಾಗದ ಓದಿದ್ರಿ, ಮನೆಗೆ ಹೋಗು ಅಂದ್ರಿ." ನನ್ನ ಕಡೆ ತಿರುಗಿದಳು. "ಇವಳೂ ಕೇಳ್ಲಿಲ್ಲ. ಕೈ ತಪ್ತು ಅಂತ ನನ್ನ ಪರವಾಗಿ ತಾನೇ ಹೇಳ್ಬಿಟ್ಳು."

ನನ್ನ ಮುಖ ಸುಟ್ಟಂತಾಯಿತು.

ದೋನ್ ಫ್ರಾದಿಕೆ ಬಹಳ ಹೊತ್ತು ಮೇಜಿನ ಮೇಲಿನ ಪೆನ್ನನ್ನು ಅತ್ತ ಇತ್ತ ಉರುಳಿಸಿದರು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಆಮೇಲೆ ಎದ್ದು, ಗೋಡೆಗೊರಗಿಸಿದ್ದ ಕುರ್ಚಿಯನ್ನು ತಾವೇ ಎಳೆದು ತಂದು ಅವಳ ಮುಂದಿಟ್ಟರು.

"ಕೂತ್ಕೊ," ಎಂದರು. "ಅವತ್ತು ಏನಾಯ್ತು?"

ಸೋಬೇಯ್ದಾ ಕುರ್ಚಿಯನ್ನು ನೋಡಿದಳು, ಅವರನ್ನು ನೋಡಿದಳು.

"ಈಗ್ಲಾ?"

"ಈಗ್ಲೇ."

ಅವಳು ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆ ದಿನ ಬೆಳಿಗ್ಗೆ ಪ್ಲಗ್ಗು ಹಾಕಿದಲ್ಲಿಂದ ಹೇಳಲು ಶುರುಮಾಡಿದಳು. ನಾವಿಬ್ಬರೂ ನಡುವೆ ಬಾಯಿ ಹಾಕದೆ ಕೇಳಿದೆವು.